ಆಯಿಗೆ ಕಾಮಾಲೆ ಅಂತಲೇ ಹೇಳಿದ್ದೇವೆ, ನಿಜ ಹೇಳಬೇಕಾ ಡಾಕ್ಟ್ರೇ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):

ನಮಸ್ಕಾರ ಡಾಕ್ಟ್ರೇ. ಹೆಸರು ಹಾಕುತ್ತಿಲ್ಲ, ನಮ್ಮ ಕಡೆಯವರು ತುಂಬ ಜನ ಈ ಗುಂಪಿನಲ್ಲಿದ್ದಾರೆ. ನಮ್ಮ ಆಯಿಗೆ 67 ವರ್ಷ. ಎರಡು ತಿಂಗಳ ಹಿಂದೆ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ. ನೋವು ಇರಲಿಲ್ಲ. ಎಲ್ಲರ ಹಾಗೆ ನಾವೂ ಮೊದಲು ಕಾಮಾಲೆಯ ನಾಟಿ ಔಷಧ ಕೊಡಿಸಿದೆವು, ಪಥ್ಯ ಮಾಡಿಸಿದೆವು. ಇಳಿಯಲಿಲ್ಲ. ಆಮೇಲೆ ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹರಡಿದೆ, ಆಪರೇಷನ್ ಮಾಡುವ ಹಾಗಿಲ್ಲ ಅಂದರು. ಪಿತ್ತದ ನಾಳ ತೆರೆದಿರಲಿ ಅಂತ ಅದಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ ಕಳಿಸಿದ್ದಾರೆ. ಈಗ ಕಣ್ಣಿನ ಹಳದಿ ಇಳಿದಿದೆ.

ಇದನ್ನೆಲ್ಲ ನನ್ನನ್ನು ಹೊರಗೆ ಕರೆದು ಹೇಳಿದರು. ನಾನೇ ಕೈಮುಗಿದು, ಆಯಿಗೆ ಹೇಳಬೇಡಿ ಅಂತ ಕೇಳಿಕೊಂಡೆ. ಆಯಿಗೆ ಇವತ್ತಿಗೂ ಕಾಮಾಲೆ ಅಂತಲೇ ಗೊತ್ತು. ಫೈಲನ್ನು ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಇಟ್ಟಿದ್ದೇವೆ. ಆದರೆ ಮೊನ್ನೆ ರಾತ್ರಿ ಪಕ್ಕದಲ್ಲಿ ಕೂತಿದ್ದಾಗ, "ಅಪ್ಪೀ, ನಂಗೆ ನಿಜವಾಗ್ಲೂ ಎಂತಾ ಆಯ್ದು?" ಅಂತ ಕೇಳಿದಳು. ಕಾಮಾಲೆ ಆಯಿ, ಕಡಿಮೆ ಆಗ್ತಾ ಇದ್ದು ಅಂದೆ. ಅವಳು ಏನೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತಿಂದ ನನಗೆ ನಿದ್ದೆ ಇಲ್ಲ. ನನ್ನ ತಂಗಿ ಹೇಳಬೇಕು ಅನ್ನುತ್ತಾಳೆ, ಅಣ್ಣ ಖಂಡಿತ ಬೇಡ ಅನ್ನುತ್ತಾನೆ. ಡಾಕ್ಟರಾಗಿ ನೀವು ಏನು ಹೇಳುತ್ತೀರಿ?

ಡಾಕ್ಟರ್:

ತಮ್ಮಾ, ನಿನ್ನ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ನಿಮ್ಮ ಆಯಿಯನ್ನು ನೋಡಿಲ್ಲ, ರಿಪೋರ್ಟ್ ನೋಡಿಲ್ಲ, ಅದು ನೆನಪಿರಲಿ. ಆದರೆ ಕುಮಟಾ, ಅಂಕೋಲಾ ಕಡೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ರೋಗಿಗಳನ್ನು ನೋಡಿದವನಾಗಿ ನೇರವಾಗಿ ಹೇಳುತ್ತೇನೆ. ಆಯಿ ಕೇಳಿದ್ದಾಳೆ. ಕೇಳಿದವಳಿಗೆ ಸುಳ್ಳು ಹೇಳಬಾರದು. ಅವಳ ಮೈಯಲ್ಲಿ ಏನಾಗಿದೆ ಅನ್ನುವುದು ಮೊದಲು ಅವಳಿಗೆ ಸೇರಿದ ವಿಷಯ, ನಮಗೆ ಆಮೇಲೆ.

ಮೊದಲು ಒಂದು ಮಾತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಜಾಸ್ತಿ ನಮ್ಮ ಕಡೆಯದು. ಮಗನನ್ನು ಹೊರಗೆ ಕರೆದು ಹೇಳುವುದು ನಮಗೆ ಸುಲಭ. ಐದು ನಿಮಿಷದಲ್ಲಿ ಮುಗಿಯುತ್ತದೆ, ಅವನು ಕೈಮುಗಿದು "ಹೇಳಬೇಡಿ" ಅಂದರೆ ನಮಗೂ ಒಳಗೊಳಗೆ ಸಮಾಧಾನ, ಯಾಕೆಂದರೆ ಕಷ್ಟದ ಮಾತು ಆಡುವುದು ತಪ್ಪಿತಲ್ಲ. ಆದರೆ ಹಾಸಿಗೆಯ ಮೇಲೆ ಮಲಗಿದವಳು ಬಾಗಿಲನ್ನೇ ನೋಡುತ್ತಿರುತ್ತಾಳೆ. ಮಗ ಹೋಗುವಾಗ ಹೇಗಿದ್ದ, ಬರುವಾಗ ಮುಖ ತೊಳೆದುಕೊಂಡು ಬಂದನಾ, ಡಾಕ್ಟ್ರು ನನ್ನ ಕಣ್ಣು ನೋಡಿ ಮಾತಾಡುತ್ತಿದ್ದವರು ಈಗ ಯಾಕೆ ಬರೀ ಕೇಸ್ ಶೀಟ್ ನೋಡುತ್ತಾರೆ, ಎಲ್ಲವನ್ನೂ ಗಮನಿಸುತ್ತಾಳೆ. ಗೋಡೆ ಕಡೆ ತಿರುಗಿ ಮಲಗಿದಳು ಅಂದೆಯಲ್ಲ, ನನ್ನ ಅಂದಾಜಿನಲ್ಲಿ ಅವಳಿಗೆ ಅರ್ಧ ಗೊತ್ತಾಗಿದೆ. ಉಳಿದರ್ಧವನ್ನು ಒಬ್ಬಳೇ ಹೊರುತ್ತಿದ್ದಾಳೆ.

ಒಂದು ವಿಷಯ ಕೇಳಬೇಕು. ಆಯಿ ಈಗ ಊಟ ಏನು ಮಾಡುತ್ತಾಳೆ? ಪಥ್ಯ ಬಿಟ್ಟಿದ್ದಾಳಾ?

ಪ್ರಶ್ನೆ ಕೇಳಿದವರು:

ಇಲ್ಲ ಡಾಕ್ಟ್ರೇ. ಕಾಮಾಲೆ ಅಂತ ಹೇಳಿದ ಮೇಲೆ ಪಥ್ಯ ಬಿಡು ಅಂತ ಹೇಗೆ ಹೇಳೋದು. ಉಪ್ಪಿಲ್ಲದ ಗಂಜಿ, ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಹುಳಿ ಖಾರ ಏನೂ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಒಂದು ಹೊತ್ತೂ ಉಣ್ಣದವಳು, ಈಗ ಭರಣಿಯ ಮುಚ್ಚಳ ಸಹ ತೆಗೆಯುವುದಿಲ್ಲ. ತುಂಬ ಇಳಿದುಹೋಗಿದ್ದಾಳೆ.

ಡಾಕ್ಟರ್:

ನೋಡು, ನಾನು ಹೆದರಿದ್ದು ಇದಕ್ಕೇ.

ಈ ಕಾಯಿಲೆಯಲ್ಲಿ ಮೈ ತಾನಾಗೇ ಇಳಿಯುತ್ತದೆ. ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಸರಿಯಾಗಿ ಬರದೆ ಜಿಡ್ಡು ಜೀರ್ಣವಾಗುವುದಿಲ್ಲ. ಅದಕ್ಕೆ ಊಟದ ಜೊತೆ ತೆಗೆದುಕೊಳ್ಳುವ ಕಿಣ್ವದ ಕ್ಯಾಪ್ಸೂಲ್ ಇದೆ. ಅದನ್ನು ನುಂಗಿ ತುಪ್ಪ, ಮೊಸರು, ಒಗ್ಗರಣೆ ಎಲ್ಲ ಅವಳ ಬಾಯಿಗೆ ಬೇಕಾದಷ್ಟು ತಿನ್ನಬಹುದು. ಉಪ್ಪು ಬಿಡಿಸುವ ಕಾರಣವೇ ಇಲ್ಲ. ನಾವು ಹೇಳಿದ ಒಂದು ಸುಳ್ಳನ್ನು ನಂಬಿ ಅವಳು ಇರುವ ದಿನಗಳಲ್ಲಿ ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದಾಳೆ. ಗುಣವಾಗುವ ಆಸೆಯಿಂದ, ಮನಸ್ಸಿಟ್ಟು ಕುಡಿಯುತ್ತಿದ್ದಾಳೆ. ಸುಳ್ಳಿನಿಂದ ರೋಗಿಗೆ ಕಷ್ಟ ಇಲ್ಲ, ನಿಜದಿಂದ ಮಾತ್ರ ಕಷ್ಟ ಅಂದುಕೊಳ್ಳುತ್ತೇವಲ್ಲ, ಆ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದು ಈ ಗಂಜಿಯ ತಟ್ಟೆಯಲ್ಲಿ ಕಾಣುತ್ತದೆ.

ಇನ್ನೊಂದು ಇದಕ್ಕಿಂತ ಗಂಭೀರ. ಅವಳ ಒಳಗೆ ಸ್ಟೆಂಟ್ ಇದೆ. ಪ್ಲಾಸ್ಟಿಕ್ಕಿನದಾದರೆ ಸುಮಾರು ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ, ಬದಲಾಯಿಸಬೇಕು. ಲೋಹದ್ದು ಜಾಸ್ತಿ ದಿನ ಬರುತ್ತದೆ. ಯಾವುದು ಅಂತ ಡಿಸ್ಚಾರ್ಜ್ ಸಮರಿಯಲ್ಲಿ ಬರೆದಿರುತ್ತಾರೆ, ಇವತ್ತೇ ಅಟ್ಟದಿಂದ ಫೈಲ್ ಇಳಿಸಿ ನೋಡು. ಸ್ಟೆಂಟ್ ಕಟ್ಟಿಕೊಂಡರೆ ನಡುಕ ಬಂದು ಜ್ವರ, ಮತ್ತೆ ಕಣ್ಣು ಹಳದಿ, ಮೂತ್ರ ಕಡುಬಣ್ಣ. ಅದು ಪಿತ್ತನಾಳದ ಸೋಂಕು. ರಾತ್ರೋರಾತ್ರಿ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ, ತಡವಾದರೆ ಜೀವಕ್ಕೇ ಅಪಾಯ. ಈಗ ಯೋಚಿಸು, ಒಳಗೆ ಸ್ಟೆಂಟ್ ಇದೆ ಅಂತಲೇ ಗೊತ್ತಿಲ್ಲದವಳು ಚಳಿ ಹತ್ತಿದಾಗ ಏನು ಮಾಡುತ್ತಾಳೆ? ಕಾಮಾಲೆ ತಿರುಗಿ ಬಂತು, ಪಥ್ಯ ಕೆಟ್ಟಿತು ಅಂದುಕೊಂಡು ಕಂಬಳಿ ಹೊದ್ದು ಮಲಗುತ್ತಾಳೆ. ನಿಮ್ಮನ್ನು ಎಬ್ಬಿಸುವುದೂ ಇಲ್ಲ.

ನಾಟಿ ಔಷಧ ಇನ್ನೂ ನಡೆಯುತ್ತಿದ್ದರೆ ನೋಡುತ್ತಿರುವ ಡಾಕ್ಟರಿಗೆ ಮುಚ್ಚಿಡದೆ ಹೇಳು. ಲಿವರ್ ಮೊದಲೇ ದಣಿದಿದೆ.

ಹಿರಿಯ ಸದಸ್ಯರು (ಹೊನ್ನಾವರ):

ಡಾಕ್ಟ್ರೇ, ಕ್ಷಮಿಸಿ, ನಾನು ಒಪ್ಪುವುದಿಲ್ಲ. ನಮ್ಮ ಭಾವನಿಗೆ ಹೀಗೇ ಆಗಿತ್ತು. ಗಟ್ಟಿ ಮನುಷ್ಯ. ರೌಂಡ್ಸಿಗೆ ಬಂದ ಡಾಕ್ಟ್ರು ಹಾಸಿಗೆ ಹತ್ತಿರ ನಿಂತುಕೊಂಡೇ, ಪಕ್ಕದ ಬೆಡ್ಡಿನವರಿಗೆಲ್ಲ ಕೇಳುವ ಹಾಗೆ "ಕ್ಯಾನ್ಸರ್, ಕೊನೇ ಹಂತ, ಮನೆಗೆ ಕರಕೊಂಡು ಹೋಗಿ" ಅಂದರು. ಅವತ್ತೇ ಊಟ ಬಿಟ್ಟರು. ಹದಿನೈದು ದಿನಕ್ಕೆ ಹೋದರು. ಧೈರ್ಯ ಒಂದು ಇದ್ದರೆ ಇನ್ನೂ ಇರುತ್ತಿದ್ದರು. ಇದೆಲ್ಲ ಹೊರದೇಶದವರ ಪದ್ಧತಿ, ನಮ್ಮಲ್ಲಿ ಮನೆಯವರು ಹೊರುತ್ತಾರೆ, ರೋಗಿಯ ತಲೆಗೆ ಹಾಕುವುದಿಲ್ಲ.

ಡಾಕ್ಟರ್:

ನಿಮ್ಮ ಭಾವನಿಗೆ ಆದದ್ದು ಕೇಳಿ ನನಗೆ ನಿಜವಾಗಿಯೂ ಬೇಸರವಾಯಿತು. ಅದು ತಪ್ಪು. ಅದನ್ನು ಸಮರ್ಥಿಸುವುದಿಲ್ಲ. ನಿಂತುಕೊಂಡು, ಎಲ್ಲರ ಎದುರು, ಒಂದು ವಾಕ್ಯದಲ್ಲಿ ಹೇಳಿ ಮುಂದಿನ ಬೆಡ್ಡಿಗೆ ಹೋಗುವುದು ನಿಜ ಹೇಳುವುದಲ್ಲ, ಕಲ್ಲು ಎಸೆದ ಹಾಗೆ. ಆದರೆ ಹದಿನೈದು ದಿನಕ್ಕೆ ಹೋಗುವಷ್ಟು ಮುಂದುವರಿದ ಕಾಯಿಲೆಯನ್ನು ಆ ಮಾತು ಹೆಚ್ಚು ಮಾಡಲಿಲ್ಲ. ಆ ಮಾತು ಕಸಿದುಕೊಂಡದ್ದು ಆ ಹದಿನೈದು ದಿನದ ನೆಮ್ಮದಿಯನ್ನು. ಅದೇ ಕಡಿಮೆಯಾ? ಊಟ ಬಿಟ್ಟವರ ಪಕ್ಕದಲ್ಲಿ ಯಾರಾದರೂ ಕೂತು ಮಾತಾಡಬೇಕಿತ್ತು, ಅವರ ಭಯ ಏನು ಅಂತ ಕೇಳಬೇಕಿತ್ತು, ಬೇಕಾದರೆ ಮನಸ್ಸಿಗೂ ಔಷಧ ಕೊಡಬೇಕಿತ್ತು.

ಹೊರದೇಶದ ಪದ್ಧತಿ ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ. 1961ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಡಾಕ್ಟರುಗಳನ್ನೇ ಕೇಳಿದಾಗ ನೂರಕ್ಕೆ ಸುಮಾರು 90 ಜನ, ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದಿದ್ದರು. ಅಲ್ಲೂ ನೀವು ಕೊಟ್ಟ ಕಾರಣವೇ, ಧೈರ್ಯ ಹೋಗುತ್ತದೆ, ಆಸೆ ಹೋಗುತ್ತದೆ ಅಂತ. 1979ರಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದಾಗ 97ರಷ್ಟು ಜನ ಹೇಳುತ್ತೇವೆ ಅಂದರು. ಹದಿನೆಂಟು ವರ್ಷದಲ್ಲಿ ಅಲ್ಲಿ ಇಷ್ಟು ಬದಲಾಯಿತು. ಹಾಗಾಗಿ ಮುಚ್ಚಿಡುವುದು ನಮ್ಮ ಸಂಸ್ಕೃತಿ, ಹೇಳುವುದು ಅವರದ್ದು ಅನ್ನುವ ಹಾಗಿಲ್ಲ. ಹೆದರಿಕೆ ಎಲ್ಲ ಕಡೆ ಒಂದೇ.

ಮನೆಯವರು ಹೊರುತ್ತಾರೆ ಅನ್ನುವುದು ನಮ್ಮಲ್ಲಿ ದೊಡ್ಡ ಗುಣ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ರೋಗಿಯನ್ನೂ ಸೇರಿಸಿಕೊಂಡು ಹೊರಿ ಅನ್ನುತ್ತೇನೆ.

ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಕೆಲಸಕ್ಕೆ ಸೇರಿದ ಹೊಸದು. ತದಡಿ ಕಡೆಯ ಒಬ್ಬ ಮೀನುಗಾರರು, ಐವತ್ತು ದಾಟಿರಲಿಲ್ಲ, ಶ್ವಾಸಕೋಶದ ಕ್ಯಾನ್ಸರ್. ತಮ್ಮಂದಿರು ಬಂದು ಹೇಳಬೇಡಿ ಅಂದರು. ನಾನು ಅವರಿಗೆ "ಎದೆಯಲ್ಲಿ ಸ್ವಲ್ಪ ಸೋಂಕು, ಮಳೆಗಾಲ ಮುಗಿಯುವಾಗ ಸರಿಯಾಗುತ್ತದೆ" ಅಂದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ ರಜೆಯಲ್ಲಿ ಅವರು ಆಗಸ್ಟಿಗೆ ಕಡಲಿಗೆ ಇಳಿಯುವ ತಯಾರಿ ಮಾಡಿದರು. ಸಾಲ ಮಾಡಿ ದೋಣಿಗೆ ಹೊಸ ಇಂಜಿನ್ ಹಾಕಿಸಿದರು, ಹೊಸ ಬಲೆ ತಂದರು. ಡಾಕ್ಟ್ರು ಸರಿಯಾಗುತ್ತದೆ ಅಂದಿದ್ದಾರಲ್ಲ. ಚೌತಿಯ ಹೊತ್ತಿಗೆ ಹೋಗಿಬಿಟ್ಟರು. ಒಂದು ತಿಂಗಳ ಮೇಲೆ ಅವರ ಹೆಂಡತಿ ಯಾವುದೋ ಸರ್ಟಿಫಿಕೇಟಿಗೆ ಸಹಿ ಬೇಕು ಅಂತ ಬಂದರು. ಸಹಿ ಹಾಕಿ ಕೊಟ್ಟೆ. ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ, "ನಿಮಗೆ ಗೊತ್ತಿತ್ತಲ್ಲ ಡಾಕ್ಟ್ರೇ, ಇಂಜಿನ್ ಹಾಕಿಸಬೇಡ ಅಂತಾದರೂ ಹೇಳಬಹುದಿತ್ತು" ಅಂದರು. ಬೈಯಲಿಲ್ಲ. ಅಷ್ಟೇ ಹೇಳಿ ಹೋದರು. ಆ ಸಾಲ ತೀರಿಸಲು ಆ ಮನೆಗೆ ಎಷ್ಟು ವರ್ಷ ಹಿಡಿಯಿತೋ. ಅವತ್ತಿನಿಂದ ನಾನು ರೋಗಿಗೆ ಸುಳ್ಳು ಹೇಳಿಲ್ಲ. ನಿಧಾನ ಮಾಡಿದ್ದೇನೆ, ಇವತ್ತು ಬೇಡ ನಾಳೆ ಮಾತಾಡೋಣ ಅಂದಿದ್ದೇನೆ, ಸುಳ್ಳು ಮಾತ್ರ ಹೇಳಿಲ್ಲ.

ಸದಸ್ಯೆ (ಗೋಕರ್ಣ):

ಹಾಗಾದರೆ ಬೇಡ ಅಂದರೂ ಎಲ್ಲರಿಗೂ ಹೇಳಲೇಬೇಕಾ? ನಮ್ಮ ಅಜ್ಜಿ ಏನೇ ಆದರೂ "ನಂಗೆ ಹೇಳಬೇಡಿ" ಅನ್ನುವ ಸ್ವಭಾವದವರು.

ಡಾಕ್ಟರ್:

ಇಲ್ಲಮ್ಮ. ತಿಳಿದುಕೊಳ್ಳುವುದು ಅವರ ಹಕ್ಕು ಅಂದಮೇಲೆ ಬೇಡ ಅನ್ನುವುದೂ ಅವರದೇ. ಒಬ್ಬರು ಅಜ್ಜಿ ನನಗೇ ಹೇಳಿದ್ದರು, "ಎಲ್ಲ ನನ್ನ ಮಗನ ಹತ್ರ ಮಾತಾಡಿ, ನನಗೆ ಮಾತ್ರೆ ಯಾವ ಹೊತ್ತಿಗೆ ಅಂತ ಹೇಳಿ ಸಾಕು." ಹಾಗೇ ಮಾಡಿದೆ. ಆದರೆ ಆ ಮಾತು ಅಜ್ಜಿಯ ಬಾಯಿಂದ ಬರಬೇಕು. ಅಜ್ಜಿಗೆ ಬೇಡ ಅಂತ ಮೊಮ್ಮಗಳು ತೀರ್ಮಾನಿಸುವ ಹಾಗಿಲ್ಲ. ಒಂದು ಸಲ ಬೇಡ ಅಂದವರು ಎರಡು ವಾರ ಬಿಟ್ಟು ಬೇಕು ಅನ್ನಬಹುದು. ಅದಕ್ಕೇ ಆಗಾಗ ಕೇಳುತ್ತಿರಬೇಕು.

ನರ್ಸ್ (ಕಾರವಾರ):

ಸರ್, ನನ್ನದೊಂದು ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಹನ್ನೊಂದು, ಹನ್ನೆರಡು ಗಂಟೆಗೆ ಮನೆಯವರು ನಿದ್ದೆ ಹೋದ ಮೇಲೆ ರೋಗಿಗಳು ಮೆಲ್ಲಗೆ ಕೈ ಹಿಡಿದು ಕೇಳುತ್ತಾರೆ, ಸಿಸ್ಟರ್, ನನಗೇನು ಕಾಯಿಲೆ, ನಾನು ಉಳಿಯುತ್ತೇನಾ ಅಂತ. ಡಾಕ್ಟ್ರು ಹೇಳಿಲ್ಲ, ಮನೆಯವರು ಬೇಡ ಅಂದಿದ್ದಾರೆ. ನಾನು ಏನು ಹೇಳಬೇಕು? "ಏನೂ ಇಲ್ಲ, ಮಲಗಿ" ಅಂತ ಹೇಳಿ ಬಂದುಬಿಡುತ್ತೇನೆ, ಆಮೇಲೆ ಮನಸ್ಸಿಗೆ ಕಷ್ಟ ಆಗುತ್ತದೆ.

ಡಾಕ್ಟರ್:

ಸಿಸ್ಟರ್, ಹಗಲಿಡೀ ನಮ್ಮನ್ನು ಕೇಳದವರು ರಾತ್ರಿ ನಿಮ್ಮನ್ನು ಕೇಳುತ್ತಾರೆ ಅಂದರೆ ನಿಮ್ಮ ಮೇಲೆ ಅಷ್ಟು ನಂಬಿಕೆ. ಕಾಯಿಲೆಯ ಹೆಸರು ನೀವು ಹೇಳಬೇಕಾಗಿಲ್ಲ, ಅದು ಡಾಕ್ಟರ ಕೆಲಸ. ಆದರೆ "ಏನೂ ಇಲ್ಲ" ಅನ್ನಬೇಡಿ. ಎರಡು ನಿಮಿಷ ಸ್ಟೂಲ್ ಎಳೆದು ಕೂತುಕೊಳ್ಳಿ. "ಇವತ್ತು ಯಾಕೆ ಕೇಳಬೇಕು ಅನಿಸಿತು? ಮನಸ್ಸಿನಲ್ಲಿ ಏನು ಓಡುತ್ತಿದೆ?" ಅಂತ ಕೇಳಿ. ಎಷ್ಟೋ ಸಲ ಅವರ ಪ್ರಶ್ನೆ ಸಾವಿನದ್ದಾಗಿರುವುದಿಲ್ಲ, ಮಗಳ ಮದುವೆಯದ್ದೋ ನೋವಿನದ್ದೋ ಆಗಿರುತ್ತದೆ. ಆಮೇಲೆ, "ನೀವು ಕೇಳಿದ್ದನ್ನು ಬೆಳಿಗ್ಗೆ ಡಾಕ್ಟರಿಗೆ ಹೇಳುತ್ತೇನೆ, ಅವರು ನಿಮ್ಮ ಜೊತೆ ಕೂತು ಮಾತಾಡುತ್ತಾರೆ" ಅನ್ನಿ. ನರ್ಸ್ ನೋಟ್ಸಿನಲ್ಲಿ ಅವರ ಮಾತನ್ನು ಅವರದೇ ಶಬ್ದದಲ್ಲಿ ಬರೆದಿಡಿ. ಹಾಗೆ ಬರೆದದ್ದನ್ನು ಓದಿದ ಡಾಕ್ಟರಿಗೆ ಜಾರಿಕೊಳ್ಳುವುದು ಕಷ್ಟ.

ಸದಸ್ಯರು (ಭಟ್ಕಳ):

ಕಾನೂನು ಏನು ಹೇಳುತ್ತದೆ ಡಾಕ್ಟ್ರೇ? ಎಲ್ಲ ಕಡೆ ಮಗನ ಸಹಿ, ಗಂಡನ ಸಹಿ ತೆಗೆದುಕೊಂಡೇ ಆಪರೇಷನ್ ಮಾಡುತ್ತಾರಲ್ಲ.

ಡಾಕ್ಟರ್:

ರೂಢಿ ಹಾಗಿದೆ, ಕಾನೂನು ಹಾಗಿಲ್ಲ. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. 44 ವರ್ಷದ ಹೆಂಗಸು, ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದ್ದರು. ಅವರಿಗೆ ಎಚ್ಚರ ಇಲ್ಲದಾಗ ಹೊರಗಿದ್ದ ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಜೀವಕ್ಕೆ ತುರ್ತು ಇರಲಿಲ್ಲ. ಬುದ್ಧಿ ಸರಿಯಿರುವ ವಯಸ್ಕ ರೋಗಿ ಇರುವಾಗ ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ಯಾಕೆ ಮಾಡುತ್ತೇವೆ, ಏನು ಲಾಭ, ಬೇರೆ ದಾರಿ ಯಾವುದು, ಅಪಾಯ ಏನು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಇಷ್ಟನ್ನು ರೋಗಿಗೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಈಗ ನೀವೇ ಹೇಳಿ, ಕ್ಯಾನ್ಸರ್ ಅಂತ ಹೇಳದೆ ಕಿಮೋ ಕೊಟ್ಟರೆ ಅದು ಒಪ್ಪಿಗೆ ಹೇಗಾಗುತ್ತದೆ?

ಇನ್ನು ನಮ್ಮ ವೃತ್ತಿಯ ನಡತೆಯ ನಿಯಮಗಳು, 2002ರವು. ರೋಗದ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು ಅಂತ ಅದರಲ್ಲಿದೆ. ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಪರಿಸ್ಥಿತಿ ಗೊತ್ತಿರುವ ಹಾಗೆ ಡಾಕ್ಟರು ನೋಡಿಕೊಳ್ಳಬೇಕು ಅಂತಲೂ ಇದೆ. ಆ "ಅಥವಾ" ಅನ್ನುವ ಒಂದು ಶಬ್ದದ ಹಿಂದೆ ನಾವು ಎಷ್ಟು ವರ್ಷ ಅಡಗಿ ಕೂತಿದ್ದೇವೆ. ನನ್ನ ಪ್ರಕಾರ ಅಲ್ಲಿ ಮೊದಲು ಬರೆದಿರುವುದು ರೋಗಿಯ ಹೆಸರು, ಅದನ್ನು ದಾಟಿ ಹೋಗಬಾರದು. ಪ್ರಜ್ಞೆ ಇಲ್ಲದವರು, ಚಿಕ್ಕ ಮಕ್ಕಳು, ಮರೆವಿನ ಕಾಯಿಲೆ ತೀರ ಜಾಸ್ತಿ ಆದವರು, ಇವರ ವಿಷಯ ಬೇರೆ.

ಸದಸ್ಯರು (ಅಂಕೋಲಾ):

ನಮ್ಮದು ಉಲ್ಟಾ. ನಾವೇ ಕೇಳಿದರೂ ಡಾಕ್ಟ್ರು ಸರಿಯಾಗಿ ಹೇಳುವುದಿಲ್ಲ. "ನಾನು ನೋಡಿಕೊಳ್ಳುತ್ತೇನೆ, ನಿಮಗೆ ಅರ್ಥ ಆಗುವುದಿಲ್ಲ" ಅನ್ನುತ್ತಾರೆ. ಇಲ್ಲಿಂದ ಬಸ್ಸು ಹಿಡಿದು ಮಣಿಪಾಲಕ್ಕೋ ಗೋವಾಕ್ಕೋ ಹೋಗಿ ಇಡೀ ದಿನ ಕಾದರೆ ಒಳಗೆ ಸಿಗುವುದು ನಾಲ್ಕು ನಿಮಿಷ.

ಡಾಕ್ಟರ್:

ಈ ಸಂಕಟ ನನಗೆ ಗೊತ್ತು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಗೋವಾ, ಹುಬ್ಬಳ್ಳಿ. ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ದೂರ ಹೋದಷ್ಟೂ ಮಾತಿಗೆ ಸಮಯ ಕಡಿಮೆ. ಅದಕ್ಕೆ ಹೀಗೆ ಮಾಡಿ. ಹೋಗುವ ಮೊದಲೇ ಮೂರೇ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಳ್ಳಿ. ಕಾಯಿಲೆಯ ಹೆಸರೇನು? ಈ ಚಿಕಿತ್ಸೆ ಗುಣ ಮಾಡಲಿಕ್ಕಾ, ಇಲ್ಲ ಕಷ್ಟ ಕಡಿಮೆ ಮಾಡಲಿಕ್ಕಾ? ಮನೆಯಲ್ಲಿ ಏನು ಆದರೆ ತಕ್ಷಣ ಬರಬೇಕು? ಎರಡನೆಯದನ್ನು ಬಿಡದೆ ಕೇಳಿ. ಗುಣ ಆಗುತ್ತದೆ ಅಂದುಕೊಂಡು ತೋಟ ಅಡವಿಟ್ಟು ಕಿಮೋ ಮಾಡಿಸಿದವರನ್ನು ನೋಡಿದ್ದೇನೆ. ಆಯಸ್ಸು ಕೆಲವು ತಿಂಗಳು ಹೆಚ್ಚಿಸುವ ಚಿಕಿತ್ಸೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ತಿಳಿದೂ ಮಾಡಿಸಿಕೊಂಡರೆ ಅದು ಅವರ ಇಷ್ಟ.

ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ಬಾಯಲ್ಲಿ ಕೇಳಿದರೆ ಕೊಡದಿದ್ದರೆ ಬರೆದು ಕೊಡಿ. ಅದನ್ನು ಹಿಡಿದು ಊರಿನ ಡಾಕ್ಟರ ಹತ್ತಿರ ಹೋಗಿ, ಅವರು ಕನ್ನಡದಲ್ಲಿ ಬಿಡಿಸಿ ಹೇಳಬಹುದು.

ಪ್ರಶ್ನೆ ಕೇಳಿದವರು:

ಎಲ್ಲ ಓದಿದೆ ಡಾಕ್ಟ್ರೇ. ಅಣ್ಣನಿಗೂ ಓದಿಸಿದೆ. ಅವನು ಏನೂ ಹೇಳದೆ ತೋಟಕ್ಕೆ ಹೋದ, ಸಂಜೆ ಬಂದು "ನೀನೇ ಹೇಳು, ನನ್ನ ಕೈಲಿ ಆಗುವುದಿಲ್ಲ" ಅಂದ. ಸ್ಟೆಂಟ್ ಪ್ಲಾಸ್ಟಿಕ್ಕಿನದೇ. ಹೇಳುವುದು ಅಂದರೆ ಹೇಗೆ ಶುರು ಮಾಡಲಿ? ಯಾವ ಶಬ್ದ ಹೇಳಲಿ?

ಡಾಕ್ಟರ್:

ಮೊದಲ ಆಯ್ಕೆ, ನೋಡುತ್ತಿರುವ ಡಾಕ್ಟರೇ ಹೇಳಬೇಕು, ನೀನು ಪಕ್ಕದಲ್ಲಿ ಕೂತಿರಬೇಕು. ನಾನು ಹೇಳಬೇಡಿ ಅಂದಿದ್ದೆ, ಈಗ ಹೇಳಿ ಅಂತ ಫೋನ್ ಮಾಡಿ ತಿಳಿಸು. ದೂರ ಅಂದರೆ ನಿಮ್ಮ ಊರಿನ ಕುಟುಂಬದ ಡಾಕ್ಟರ್ ಆದರೂ ಆಗಬಹುದು. ಆದರೆ ಅಷ್ಟರೊಳಗೆ ಆಯಿ ಮತ್ತೆ ಕೇಳಿದರೆ ತಪ್ಪಿಸಿಕೊಳ್ಳಬೇಡ.

ಇದಕ್ಕೆ ಆರು ಹೆಜ್ಜೆಯ ಒಂದು ಕ್ರಮ ಇದೆ, 2000ದಲ್ಲಿ ಕ್ಯಾನ್ಸರ್ ಡಾಕ್ಟರುಗಳು ಬರೆದದ್ದು, ಸ್ಪೈಕ್ಸ್ ಅನ್ನುತ್ತಾರೆ. ನಾನು ಅದನ್ನು ನಮ್ಮ ಮಾತಿಗೆ ಇಳಿಸಿಕೊಂಡಿದ್ದೇನೆ. ಗಲಾಟೆ ಇಲ್ಲದ ಹೊತ್ತು ನೋಡು, ಊಟದ ಹೊತ್ತು ಬೇಡ, ಮಲಗುವ ಹೊತ್ತಂತೂ ಬೇಡ, ರಾತ್ರಿಯಿಡೀ ಒಬ್ಬಳೇ ಯೋಚಿಸಬೇಕಾಗುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿಡು. ನೀನು ಮಾತಾಡುವ ಮೊದಲು ಅವಳನ್ನು ಮಾತಾಡಿಸು. "ಆಯಿ, ಅವತ್ತು ಕೇಳಿದ್ದೆಯಲ್ಲ, ನಿನಗೆ ಏನು ಅನಿಸುತ್ತಿದೆ?" ಅವಳೇ ದಾರಿ ತೋರಿಸುತ್ತಾಳೆ. ಆಮೇಲೆ, "ಡಾಕ್ಟ್ರು ಹೇಳಿದ್ದೆಲ್ಲ ನಿನಗೆ ಹೇಳಲಾ, ಇಲ್ಲ ನಾವೇ ನೋಡಿಕೊಂಡರೆ ಸಾಕಾ?" ಹೇಳು ಅಂದರೆ ಮಾತ್ರ ಮುಂದೆ ಹೋಗು.

"ಕಾಮಾಲೆ ಅಂತ ಹೇಳಿದ್ದೆ, ಅದು ಪೂರ್ತಿ ನಿಜ ಅಲ್ಲ. ನನಗೆ ಹೆದರಿಕೆ ಆಗಿ ಹಾಗೆ ಹೇಳಿದೆ." ಈ ಮಾತು ಹೇಳಲೇಬೇಕು, ಬಿಡಬೇಡ. ಆಮೇಲೆ "ಹೊಟ್ಟೆಯೊಳಗೆ ಒಂದು ಗಡ್ಡೆ ಇದೆ, ಅದು ಪಿತ್ತದ ದಾರಿ ಒತ್ತಿ ಹಿಡಿದಿತ್ತು, ಅದಕ್ಕೆ ಕಣ್ಣು ಹಳದಿ ಆದದ್ದು." ಸ್ವಲ್ಪ ನಿಲ್ಲು. ಗಡ್ಡೆ ಅಂದರೆ ಏನು ಅಂತ ಕೇಳಿದರೆ ಕ್ಯಾನ್ಸರ್ ಅನ್ನುವ ಶಬ್ದ ಹೇಳು. ಗಡ್ಡೆಯಲ್ಲೇ ನಿಲ್ಲಿಸಿದರೆ ಅದೂ ಇನ್ನೊಂದು ಕಾಮಾಲೆ ಆಗುತ್ತದೆ. ಅತ್ತರೆ ಅಳಲಿ. ಸಮಾಧಾನದ ಮಾತು ಹುಡುಕಬೇಡ, ಕೈ ಹಿಡಿದುಕೋ. ನಿನಗೂ ಅಳು ಬಂದರೆ ತಪ್ಪಿಲ್ಲ.

ಎಷ್ಟು ದಿನ ಅಂತ ಕೇಳಿದರೆ ತಾರೀಖು ಹೇಳಬೇಡ, ಅದು ಯಾರಿಗೂ ಗೊತ್ತಿಲ್ಲ. ನಾವು ಡಾಕ್ಟರುಗಳು ವರ್ಷಗಳ ಲೆಕ್ಕವಾ, ತಿಂಗಳುಗಳ ಲೆಕ್ಕವಾ, ವಾರಗಳ ಲೆಕ್ಕವಾ ಅಂತ ಹೇಳುತ್ತೇವೆ. ಲಿವರಿಗೆ ಹರಡಿದ ಈ ಕ್ಯಾನ್ಸರಿನಲ್ಲಿ ಹೆಚ್ಚಿನವರಿಗೆ ಅದು ತಿಂಗಳುಗಳ ಲೆಕ್ಕ. "ಇನ್ನು ಮಾಡುವಂಥದ್ದು ಏನೂ ಇಲ್ಲ" ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಬಾರದು. ಅದು ಸುಳ್ಳು. ನೋವು, ತುರಿಕೆ, ವಾಂತಿ, ನಿದ್ದೆ, ಊಟ, ಎಲ್ಲದಕ್ಕೂ ಮಾಡುವುದು ತುಂಬ ಇದೆ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):

ಡಾಕ್ಟ್ರೇ, ಹೇಳಿದೆವು. ಊರಿನ ಡಾಕ್ಟ್ರು ಮನೆಗೇ ಬಂದಿದ್ದರು. ಜಗುಲಿಯಲ್ಲಿ ಕೂತು ಮಾತಾಡಿದೆವು. ಆಯಿ ಅಳಲಿಲ್ಲ. ಅತ್ತದ್ದು ಅಣ್ಣ. ಅವಳೇ ಅವನ ಬೆನ್ನು ಸವರಿದಳು. "ಆಸ್ಪತ್ರೆ ಬೋರ್ಡು ಓದಲು ಬರದಿದ್ದರೂ ಅಲ್ಲಿ ಕೂತವರ ತಲೆ ಕಾಣ್ತಿತ್ತಲ್ಲ, ಕೂದಲಿಲ್ಲದ್ದು" ಅಂದಳು. ಅವಳಿಗೆ ಮೊದಲ ದಿನದಿಂದಲೂ ಅನುಮಾನ ಇತ್ತಂತೆ. ನಮಗೆ ಬೇಸರ ಆಗುತ್ತದೆ ಅಂತ ಅವಳೂ ಸುಮ್ಮನಿದ್ದಳಂತೆ. ಸ್ವಲ್ಪ ಹೊತ್ತಿಗೆ ಅವಳು ಕೇಳಿದ ಮೊದಲ ಪ್ರಶ್ನೆ, "ಹಂಗಾರೆ ಉಪ್ಪು ತಿನ್ಲಕ್ಕಾ?"

ಅವತ್ತು ರಾತ್ರಿ ಅನ್ನ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ. ಎರಡು ತುತ್ತು ಜಾಸ್ತಿ ಉಂಡಳು. ಮರುದಿನ ತಂಗಿಯನ್ನು ಕರೆದು ಯಾವ ಬಳೆ ಯಾರಿಗೆ ಅಂತ ಹೇಳಿದಳು, ತೋಟದ ವಿಷಯ ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದಳು. ಕಿಮೋ ಬೇಡ ಅಂದಿದ್ದಾಳೆ, ಎಲ್ಲ ಕೇಳಿ ತಿಳಿದುಕೊಂಡೇ ಬೇಡ ಅಂದದ್ದು. ಆಸ್ಪತ್ರೆಯಲ್ಲಿ ಮಷಿನ್ ಹಾಕಿ ಇಡುವುದೂ ಬೇಡ ಅನ್ನುತ್ತಾಳೆ. ಅವಳಿಗೆ ಒಂದೇ ಭಯ, ನೋವು. ಈಗ ರಾತ್ರಿ ಬೆನ್ನಿನ ಕಡೆ ನೋವು ಶುರುವಾಗಿದೆ. ಮಾರ್ಫಿನ್ ಕೊಡುತ್ತೇವೆ ಅಂದಿದ್ದಾರೆ. ಅದು ಚಟ ಹಿಡಿಸುತ್ತದೆ, ಕೊನೆಗೆ ಕೊಡುವುದು ಅನ್ನುತ್ತಾರಲ್ಲ, ಕೊಡಬಹುದಾ?

ಡಾಕ್ಟರ್:

ಕೊಡಬಹುದು ತಮ್ಮಾ, ಕೊಡಬೇಕು. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಗಂಟೆಗೆ ಸರಿಯಾಗಿ ಕೊಟ್ಟರೆ ಚಟದ ಭಯ ಬೇಡ. ಸಾಯುವಾಗ ಕೊಡುವ ಔಷಧವೂ ಅಲ್ಲ ಅದು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬೇಡಿ. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಜೊತೆಗೆ ಬೇಕು, ಕೇಳಿ ಬರೆಸಿಕೊಳ್ಳಿ. 2014ರಲ್ಲಿ ಕಾನೂನು ತಿದ್ದುಪಡಿಯಾಗಿ ಮಾರ್ಫಿನ್ ಇಡುವುದು ಸುಲಭವಾಗಿದೆ, ಆದರೂ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಮುಗಿಯುವ ನಾಲ್ಕು ದಿನ ಮೊದಲೇ ತರಿಸಿ. ಈ ನೋವಿಗೆ ನರಕ್ಕೆ ಇಂಜೆಕ್ಷನ್ ಕೊಡುವ ಉಪಾಯವೂ ಇದೆ, ಮಾತ್ರೆಗೆ ಬಗ್ಗದಿದ್ದರೆ ಕೇಳಿ.

ಮಷಿನ್ ಬೇಡ ಅಂದದ್ದನ್ನು ಬರೆಸಿಡಿ. 2018ರ ಮಾರ್ಚ್ 9ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಅವಕಾಶ ಕೊಟ್ಟಿದೆ, 2023ರಲ್ಲಿ ಅದರ ಕ್ರಮ ಸುಲಭ ಮಾಡಿದರು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ, ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಣ. ಆಯಿಗೆ ಸಹಿ ಹಾಕುವ ಶಕ್ತಿ ಇರುವಾಗಲೇ ಮಾಡಿಸಿ.

ಸ್ಟೆಂಟಿಗೆ ಮೂರು ತಿಂಗಳು ಯಾವತ್ತಿಗೆ ಆಗುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಆಯಿಗೂ ತೋರಿಸು. ಒಂದು ಥರ್ಮಾಮೀಟರ್ ಅವಳ ದಿಂಬಿನ ಹತ್ತಿರ ಇರಲಿ. ಚಳಿ ನಡುಕ ಬಂದರೆ ಎಷ್ಟು ರಾತ್ರಿಯಾದರೂ ಎಬ್ಬಿಸು ಅಂತ ಅವಳಿಗೇ ಹೇಳಿಡು, ಈಗ ಅವಳಿಗೆ ಕಾರಣ ಗೊತ್ತಿದೆ. ಬೆಳಗಾಗುವ ತನಕ ಕಾಯಬೇಡಿ. ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವುದು ಕಷ್ಟ ಅನಿಸಿದರೆ ಹುಬ್ಬಳ್ಳಿ ಕಡೆ ಹೊರಡಿ, ಗಾಡಿಯವರಿಗೆ ಇವತ್ತೇ ಹೇಳಿಟ್ಟಿರು. ಫೈಲ್ ಇನ್ನು ಅಟ್ಟದ ಮೇಲೆ ಬೇಡ, ಬಾಗಿಲ ಹತ್ತಿರ ಮೊಳೆಗೆ ತೂಗುಹಾಕಿಡು.